ಆರುವ ಮುನ್ನ ಸುರಿದ ಹತ್ತು ತಟ್ಟೆ

ಪ್ರಯೋಗಾಲಯದ ಅಟೆಂಡರನ್ನು ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಿಗೆ ಅಗರ್ ಎಂಬ ಲೋಳೆ ಕಾಯಿಸಿ ಸುರಿಯುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ಅಗರ್ ಹದವಾಗಿ ಆರಿದೆಯೇ ಎಂದು ತಿಳಿಯಲು ಅವರಿಗೆ ಥರ್ಮಾಮೀಟರ್ ಬೇಡ. ಫ್ಲಾಸ್ಕನ್ನು ಮುಂಗೈಗೆ ಒತ್ತಿ, "ಹೂಂ, ಈಗ ಔಷಧ ಹಾಕು" ಎನ್ನುವರು. ಬಿಸಿಯಿದ್ದಾಗಲೇ ಹಾಕಿದರೆ ಬ್ಯಾಕ್ಟೀರಿಯಾ ಕೊಲ್ಲುವ ಆ ಔಷಧ ಕೆಟ್ಟುಹೋಗುತ್ತದೆ.

ಅವರು ಗುಬ್ಬಿ ಎಂದು ಕರೆಯುತ್ತಿದ್ದ ವಿದ್ಯಾರ್ಥಿನಿಗೆ ಆ ಔಷಧವೇ ಸರ್ವಸ್ವ. ಸತ್ತ ಬ್ಯಾಕ್ಟೀರಿಯಾದಲ್ಲಿರುವ, ಔಷಧ ತಡೆದುಕೊಳ್ಳುವ ಜೀನನ್ನು ಬದುಕಿರುವ ಬ್ಯಾಕ್ಟೀರಿಯಾ ಎತ್ತಿಕೊಳ್ಳುತ್ತದೆಯೇ ಎಂಬುದು ಅವಳ ಸಂಶೋಧನೆ. ಎತ್ತಿಕೊಂಡರೆ ಔಷಧದ ತಟ್ಟೆಯಲ್ಲೂ ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಮೂರು ವರ್ಷ ಎಲ್ಲವೂ ಸತ್ತವು. ಖಾಲಿ ತಟ್ಟೆ ನೋಡಿ ನೋಡಿ ಅವಳ ಮುಖವೂ ಸಪ್ಪಗಾಗಿತ್ತು. ಕಳೆದ ತಿಂಗಳು ಒಮ್ಮೆಲೇ ಒಂಬತ್ತು ತಟ್ಟೆಗಳ ತುಂಬ ಬಿಳಿ ಚುಕ್ಕೆಗಳೆದ್ದವು. ಅಮ್ಮನಿಗೆ ಫೋನ್ ಮಾಡಿ ಅತ್ತೇಬಿಟ್ಟಳು.

ಅವಳ ಸಂಶೋಧನೆಗೆ ಮಾರ್ಗದರ್ಶಕರಾದ ಮೇಷ್ಟ್ರು ಹಾಗೆ ಕರಗುವ ಆಸಾಮಿಯಲ್ಲ. ಅದೇ ಸಾಲಿನಲ್ಲಿ ಉಳಿದಿದ್ದ ಹತ್ತನೆಯ ತಟ್ಟೆಗೆ ಜೀನ್ ಸೋಕದ ಬ್ಯಾಕ್ಟೀರಿಯಾ ಹಚ್ಚಿಸಿದರು. ಮರುದಿನ ಅದರಲ್ಲೂ ಚುಕ್ಕೆಗಳು ಕಿಕ್ಕಿರಿದಿದ್ದವು. ಅಂದರೆ ತಟ್ಟೆಯಲ್ಲಿ ಔಷಧದ ಕೆಲಸವೇ ನಡೆದಿರಲಿಲ್ಲ.

"ಯಾರು ಸುರಿದಿದ್ದು ಇದನ್ನ?" ಮೇಷ್ಟ್ರು ಕೇಳಿದರು. "ನಿನ್ನ ತಪ್ಪಾದ್ರೆ ನಾನೇನೂ ಮಾಡಕ್ಕಾಗಲ್ಲ, ಅವಧಿ ಮುಗೀತು, ಮನೆಗೆ ಹೋಗು. ಲ್ಯಾಬಿನವರ ತಪ್ಪಾದ್ರೆ ಇನ್ನಾರು ತಿಂಗಳು ಕೇಳಬಹುದು."

ಆ ಹತ್ತು ತಟ್ಟೆ ತಯಾರಾದ ದಿನ ದೊಡ್ಡಪ್ಪ ಮೂವತ್ತು ತಟ್ಟೆ ಸುರಿದಿಟ್ಟು ಊಟಕ್ಕೆ ಹೋಗಿದ್ದರು. ಇನ್ನೂ ಹತ್ತು ಬೇಕಾಗಿತ್ತು. ಅವಳೇ ಅಗರ್ ಕಾಯಿಸಿ, ಆರುವವರೆಗೆ ಕಾಯಲಾರದೆ ಔಷಧ ಬೆರೆಸಿ ಸುರಿದು, ಅವರ ತಟ್ಟೆಗಳ ಪಕ್ಕದಲ್ಲೇ ಫ್ರಿಜ್ಜಿನಲ್ಲಿಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ.

"ಯಾವಾಗ್ಲೂ ದೊಡ್ಡಪ್ಪನೇ ಸುರಿಯೋದು, ಸರ್."

ಮಾತು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳಬೇಕಾಗಿ ಬಂದ ಮಾತು ಎಂಥದ್ದೆಂದು ಎಲ್ಲರಿಗೂ ಗೊತ್ತು. ಆರು ತಿಂಗಳು ಸಿಕ್ಕಿತು. ದೊಡ್ಡಪ್ಪನನ್ನು ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಹತ್ತು ದಿನ ಕಳೆದ ಮೇಲೆ, ಆದದ್ದಾಗಲಿ, ಹೇಳಿಯೇಬಿಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಆ ಕೋಣೆಗೆ ಹೋದಳು. ಸಿಂಕಿನ ಮುಂದೆ ಸ್ಟೂಲಿನ ಮೇಲೆ ಕೂತು ಫ್ಲಾಸ್ಕ್ ಉಜ್ಜುತ್ತಿದ್ದ ದೊಡ್ಡಪ್ಪ ಅವಳನ್ನು ಕಂಡದ್ದೇ ಎದ್ದು ನಿಂತರು.

"ನಾನೇ ನಿನ್ ಹತ್ರ ಬರೋಣಾಂತಿದ್ದೆ ಗುಬ್ಬಿ. ಮುಖ ತೋರ್ಸೋಕೆ ಧೈರ್ಯ ಸಾಲಲಿಲ್ಲ. ನನ್ ಕೈ ನಂಗೇ ಮೋಸ ಮಾಡ್ತು ಕಣಮ್ಮ. ಅವತ್ತು ಬಿಸಿ ಇತ್ತೇನೋ, ಗೊತ್ತೇ ಆಗ್ಲಿಲ್ಲ. ಈಗ ಮನೇಲಿ ಬಿಸಿನೀರಿನ ಲೋಟ ಹಿಡ್ಕೊಂಡು ಹಿಡ್ಕೊಂಡು ನೋಡ್ತಿರ್ತೀನಿ. ನಿಮ್ ದೊಡ್ಡಮ್ಮ, ತಲೆ ಕೆಟ್ಟಿದ್ಯಾ ಅಂತಾಳೆ." ಅವರು ಫ್ಲಾಸ್ಕನ್ನು ಸಿಂಕಿನಲ್ಲಿಟ್ಟರು. "ನಿನ್ ಓದೆಲ್ಲ ಮಣ್ಣುಪಾಲು ಮಾಡ್ಬಿಟ್ಟೆ. ತಪ್ಪಾಯ್ತು ಕಣೇ."

ಹೇಳಬೇಕೆಂದುಕೊಂಡು ಬಂದದ್ದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದಳು.

"ಪರವಾಗಿಲ್ಲ ಬಿಡಿ, ದೊಡ್ಡಪ್ಪ."

"ದೊಡ್ಡ ಮನಸ್ಸು ನಿಂದು," ಎನ್ನುತ್ತ ಅವರು ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡರು.