ಗೋಡೆಯಾಚೆಯ ರೊಟ್ಟಿ

ಬೈಲಹೊಂಗಲದ ಹತ್ತಿ ಮಿಲ್ಲಿನ ಗದ್ದಲದಲ್ಲಿ ದುಡಿದು ದುಡಿದು ಕಿವುಡಾಗಿದ್ದ ರಾಯಪ್ಪನ ಬಲಗಿವಿಗೆ ನಿನ್ನೆ ಮಶೀನು ಹಾಕಿಸಿದ್ದರು. ಬೆಳಗಾದದ್ದೇ ತಡ, ಪಡಸಾಲೆಯಲ್ಲಿ ಕೂತು ಕೂಸಿನ ಹಾಗೆ ಸಪ್ಪಳ ಕೇಳತೊಡಗಿದ. ನಳದ ನೀರಿಗೂ ನಕ್ಕ, ಗುಬ್ಬಿಗೂ ನಕ್ಕ. ಒಳಗೆ ಹೆಂಡತಿ ಇಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು.

“ಆಹಾ! ಬಾಜೂಮನಿ ಖೈರುನಬಿ ರೊಟ್ಟಿ ಬಡಿಯೂದು ಕೇಳ. ತಬಲಾ ಬಾರ್ಸಿದಂಗ ಐತಿ!” ಎಂದು ಕೂತಲ್ಲಿಂದಲೇ ಕೂಗಿದ.

ತನ್ನ ಸಪ್ಪಳದಲ್ಲಿ ಇಂದ್ರವ್ವನಿಗೆ ಬಾಜೂಮನೆಯ ಬಡಿತವೇನೂ ಕೇಳಲಿಲ್ಲ. ಹೊಟ್ಟೆಗೆ ಬೆಂಕಿ ಮಾತ್ರ ಬಿತ್ತು. ಇವನಿಗೆ ರೊಟ್ಟಿ ಬಡಿದು ತನ್ನ ಅಂಗೈ ದಡ್ಡುಗಟ್ಟಿದೆ. ಕಿವಿ ಬಂದ ಮೊದಲ ದಿನವೇ ಇವನಿಗೆ ಆಕೆಯ ರೊಟ್ಟಿ ಬೇಕಾಯಿತೇ? ಆಕೆಯದೇನು ಬಂಗಾರದ ಕೈಯೇ? ಸಿಟ್ಟೆಲ್ಲ ಹಿಟ್ಟಿನ ಮೇಲೆ ತೀರಿಸುತ್ತ ರಪರಪ ಬಡಿದಳು.

“ಈಗ ಖರೇ ರಂಗೇರಿತು ನೋಡ! ಭೇಷ್, ಖೈರುನಬಿ!”

ಇಂದ್ರವ್ವ ರೊಟ್ಟಿ ಅಲ್ಲೇ ಬಿಟ್ಟು ಹೊರಗೆ ಬಂದಳು. “ಅಷ್ಟು ಚೆಂದ ಇದ್ರ ಆಕಿ ಮನ್ಯಾಗ ಹೋಗಿ ಉಣ್ರಿ!”

“ನಿನ್ನ ಒದರಾಟಕ್ಕ ಪಾಪ, ಆಕಿ ನಿಲ್ಲಿಸೇಬಿಟ್ಲು,” ಎಂದು ರಾಯಪ್ಪ ಪೇಚಾಡಿದ.

ಆಕೆಗೂ ಎರಡು ಮಾತು ಅನ್ನಲೆಂದು ಇಂದ್ರವ್ವ ಗೋಡೆಯಾಚೆ ಇಣುಕಿದಳು. ಬಾಗಿಲಿಗೆ ಕೀಲಿ. ಖೈರುನಬಿ ಮೊನ್ನೆಯೇ ರಾಮದುರ್ಗದ ತವರಿಗೆ ಹೋದದ್ದು ಆಗ ನೆನಪಾಯಿತು. ಗಂಡನ ಮಶೀನಿನ ಬಲಗಿವಿ ಆ ಗೋಡೆಯ ಕಡೆಗಿತ್ತು; ತನ್ನ ಬಡಿತವೇ ಅವನಿಗೆ ಅತ್ತಲಿಂದ ಕೇಳಿತ್ತು, ಅಷ್ಟೇ.

ಒಳಗೆ ಹೋಗಿ ಮತ್ತೆ ರೊಟ್ಟಿ ಬಡಿಯತೊಡಗಿದಳು.

“ಮತ್ತ ಸುರು ಮಾಡಿದ್ಲು!” ಪಡಸಾಲೆಯಿಂದ ದನಿ ಬಂತು. “ನೀನೂ ಆಕಿ ಕಡೆ ಒಂದೀಟು ಕಲಕೋ.”