ನೀರಿಗೆ ಹೋದವನು

ಯುದ್ಧ ಕಂಡವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, ಅವರ ಫೋಟೋಗಳ ಜೊತೆಗೆ ಪ್ರದರ್ಶನಕ್ಕಿಡುವ ಕೆಲಸವನ್ನು ನಗರದ ವಸ್ತುಸಂಗ್ರಹಾಲಯದವರು ಒಬ್ಬ ಛಾಯಾಗ್ರಾಹಕಿಗೆ ವಹಿಸಿದ್ದರು. ಆಕೆ ಮೊದಲು ಹೋದದ್ದು ಸೈಕಲ್ ರಿಪೇರಿ ಅಂಗಡಿಯ ಮುದುಕನ ಬಳಿಗೆ.

ಪಂಕ್ಚರ್ ಹಾಕುತ್ತಲೇ ಅವನು ತನ್ನ ಅಣ್ಣನ ಕಥೆ ಹೇಳಿದ. ಬಾಂಬು ಬೀಳುತ್ತಿದ್ದ ದಿನಗಳಲ್ಲಿ ಅವರ ಬೀದಿಯ ಜನವೆಲ್ಲ ಒಂದು ಗೋದಾಮಿನ ನೆಲಮಾಳಿಗೆಯಲ್ಲಿ ಅಡಗಿದ್ದರು. ಮಕ್ಕಳು ಬಾಯಾರಿ ಅಳುವುದನ್ನು ನೋಡಲಾರದೆ ಅಣ್ಣ ನೀರು ತರಲು ಹೋದವನು ಬೀದಿಯ ತಿರುವಿನಲ್ಲೇ ಸತ್ತ. ಅತ್ತಿಗೆ ಮತ್ತೆ ಮದುವೆಯಾಗಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆದು, ತಾಯಿ ತಂದೆ ಇಲ್ಲದ ಮೈದುನನನ್ನು ಸಾಕಿದಳು. ಈಗಲೂ ಇಬ್ಬರೂ ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದರು.

ಕೆಲವು ದಿನ ಬಿಟ್ಟು ಛಾಯಾಗ್ರಾಹಕಿ ಅತ್ತಿಗೆಯ ಫೋಟೋ ತೆಗೆಯಲು ಬಂದಳು. ಅಡುಗೆಮನೆಯ ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿತ್ತು. ಮುದುಕಿ ಕೂತವಳು ಮತ್ತೆ ಎದ್ದಳು.

"ಇರು, ಹಲ್ಲಿನ ಸೆಟ್ಟು ಹಾಕ್ಕೊಂಡು ಬರ್ತೀನಿ. ಇಲ್ಲಾಂದ್ರೆ ಹಲ್ಲೂ ಯುದ್ಧದಲ್ಲೇ ಹೋಯ್ತು ಅಂದ್ಕೋತಾರೆ ಜನ."

ನಾಲ್ಕಾರು ಫೋಟೋ ತೆಗೆದ ಮೇಲೆ ಛಾಯಾಗ್ರಾಹಕಿ, ಫೋಟೋದ ಪಕ್ಕದಲ್ಲಿ ಹಾಕಲೆಂದು ಅವಳ ಗಂಡನ ಬಗ್ಗೆ ಬರೆದಿದ್ದ ನಾಲ್ಕು ಸಾಲುಗಳನ್ನು ಓದಿ ಹೇಳಿದಳು. ನೀರು ತರಲು ಹೋದದ್ದು ಯಾವ ನಲ್ಲಿಗೆ ಎಂದು ಕೇಳಿದಳು. ಮುದುಕಿಯ ಮುಖ ಇಳಿದುಹೋಯಿತು. ರೆಕಾರ್ಡಿಂಗ್ ಮೆಷಿನ್ ಆಫ್ ಮಾಡು ಎಂದಳು.

"ನೀರು ಇತ್ತಮ್ಮ, ಬೇಕಾದಷ್ಟಿತ್ತು. ಇವನು ಕಾಣ್ತಿರಲಿಲ್ಲ. ಅದಕ್ಕೇ ಅವರು ಹೋಗಿದ್ದು."

ಮೈದುನನಿಗೆ ಆಗ ಮೀಸೆಯೂ ಮೂಡಿರಲಿಲ್ಲ. ಸುಟ್ಟುಹೋದ ಮಿಲಿಟರಿ ಟ್ಯಾಂಕು ನೋಡಬೇಕೆಂದು ಗೆಳೆಯರ ಜೊತೆ ಹೇಳದೆ ಕೇಳದೆ ಜಾರಿಕೊಂಡಿದ್ದ. ಗಂಡ ಅವನನ್ನು ಹುಡುಕಲು ಹೊರಟ. ಹುಡುಗ ಹಿಂದಿನ ಓಣಿಯಿಂದ ಕೂದಲೂ ಕೊಂಕದೆ ಬಂದ, ಗಂಡ ಬರಲಿಲ್ಲ. ಅಣ್ಣ ಎಲ್ಲಿ ಎಂದು ಅವನು ಕೇಳಿದಾಗ ಅವಳ ಬಾಯಿಗೆ ಬಂದದ್ದು, ನೀರಿಗೆ ಹೋದರು ಅನ್ನುವ ಮಾತು. ಸುತ್ತ ಇದ್ದವರು ಅವಳ ಮುಖ ನೋಡಿ ಸುಮ್ಮನಾದರು. ಆಮೇಲೆ ಅವಳು ಆ ಮಾತನ್ನು ಬಿಡಲೇ ಇಲ್ಲ. ನನ್ನಿಂದ ಅಣ್ಣ ಸತ್ತ ಎಂದುಕೊಂಡು ಅವನು ಬೆಳೆಯುವುದು ಅವಳಿಗೆ ಬೇಕಿರಲಿಲ್ಲ.

ಇಷ್ಟು ಹೇಳಿ ತಲೆಯೆತ್ತಿದರೆ ಬಾಗಿಲಲ್ಲಿ ಮೈದುನ ನಿಂತಿದ್ದ. ಊಟಕ್ಕೆ ಬಂದವನು, ಕೈಯೆಲ್ಲ ಗ್ರೀಸು. ಅವನು ನಿಧಾನವಾಗಿ ಬಂದು ಎದುರಿನ ಸ್ಟೂಲಿನಲ್ಲಿ ಕೂತ.

"ನಂಗೊತ್ತಿತ್ತು ಅತ್ತಿಗೆ. ಅವತ್ತು ಬಂದವನೇ ನೀರಿನ ಡ್ರಮ್ಮಿಗೆ ಲೋಟ ಅದ್ದಿ ಕುಡಿದೆ. ಕಂಠಮಟ್ಟ ತುಂಬಿತ್ತು."

"ಮತ್ತೆ ಇಷ್ಟು ವರ್ಷ ಯಾಕೋ ಬಾಯಿ ಬಿಡಲಿಲ್ಲ?"

"ನೀವು ನಂಗೋಸ್ಕರ ಹೇಳಿದ್ದು. ಅದನ್ನ ಸುಳ್ಳು ಅಂತ ಹೇಗೆ ಹೇಳಲಿ?"

ಅವಳಿಗೆ ಮೊದಲು ಬಂದದ್ದು ಸಿಟ್ಟು. ಒಂದೇ ಸೂರಿನಡಿ ಇದ್ದು, ಒಬ್ಬರಿಗೊಬ್ಬರು ಬಚ್ಚಿಟ್ಟು, ಇಬ್ಬರೂ ಒಂದೇ ಸಂಕಟ ಪಟ್ಟಿದ್ದರು. ಗ್ರೀಸು ಮೆತ್ತಿದ ಅವನ ಮಣಿಕಟ್ಟನ್ನು ಹಿಡಿದುಕೊಂಡು ಅತ್ತಳು. ಅವನೂ ಅತ್ತ. ಛಾಯಾಗ್ರಾಹಕಿ ಎದ್ದು ಹೋಗಲೂ ಆಗದೆ, ಕೂರಲೂ ಆಗದೆ ಗೋಡೆಗೆ ಒರಗಿ ನಿಂತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆ ಮೂಗು ಒರೆಸಿಕೊಂಡು, "ಅವತ್ತು ನೀನು ಕೈಗೆ ಸಿಕ್ಕಿದ್ರೆ ಕೆನ್ನೆಗೆ ಎರಡು ಬಿಡ್ತಿದ್ರು," ಎಂದಳು.

"ಎರಡಕ್ಕೇ ಬಿಡ್ತಿದ್ನಾ ಅಣ್ಣ?"

ಅಣ್ಣನ ಮುಂಗೋಪ, ಶ್ರುತಿಯಿಲ್ಲದ ಅವನ ಶಿಳ್ಳೆ, ಬಟ್ಟೆ ಮಡಿಸಲು ಬಾರದ ಅವನ ಕೈ, ಎಲ್ಲ ಒಂದೊಂದಾಗಿ ಮಾತಿಗೆ ಬಂದವು. ಮೆಷಿನ್ ಆನ್ ಮಾಡಿ ಎಂದು ಮೈದುನನೇ ಹೇಳಿದ. ಪ್ರದರ್ಶನದ ಗೋಡೆಯ ಮೇಲೆ ನಿಜವನ್ನೇ ಬರೆಯಬೇಕೆಂದ. ಅತ್ತಿಗೆ ಬೇಡವೆನ್ನಲಿಲ್ಲ. ಅವತ್ತು ಛಾಯಾಗ್ರಾಹಕಿ ಇಬ್ಬರನ್ನೂ ಒಂದೇ ಫೋಟೋದಲ್ಲಿ ಹಿಡಿದಳು.

ಪ್ರದರ್ಶನದ ದಿನ ಇಬ್ಬರೂ ಬಂದರು. ಆ ಫೋಟೋದ ಮುಂದೆ ನಿಂತ ಒಬ್ಬ ಹೆಂಗಸು, ನಿಮ್ಮಣ್ಣ ಹೇಗೆ ತೀರಿಕೊಂಡರು ಎಂದು ಮುದುಕನನ್ನು ಕೇಳಿದಳು.

"ನನ್ನನ್ನ ಹುಡುಕ್ಕೊಂಡು..." ಎಂದು ಶುರು ಮಾಡಿದ. ಅಷ್ಟಕ್ಕೇ ನಿಲ್ಲಿಸಿ ಅತ್ತಿಗೆಯ ಕಡೆ ತಿರುಗಿದ.

ಮಂಡಿನೋವೆಂದು ಬೆಂಚಿನ ಮೇಲೆ ಕೂತಿದ್ದ ಅತ್ತಿಗೆ ಎದ್ದು ಬಂದು ಅವನ ಪಕ್ಕ ನಿಂತಳು. ಉಳಿದದ್ದನ್ನು ಅವಳು ಹೇಳಿದಳು.