ಶಿವಪುತ್ರನ ಕೈ

ನಾನು ಒಂದು ಕ್ಷೌರದ ಕುರ್ಚಿ. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟಿದೆ. ಕಬ್ಬಿಣದ ಕಾಲು, ಕೆಂಪು ರೆಕ್ಸಿನ್ನಿನ ಮೈ, ತಲೆ ಆನಿಸಲು ಹಿಂದೊಂದು ದಿಂಬು. ಮೊದಲು ನನ್ನನ್ನು ಕೊಂಡವರು ಅಲ್ಲಿಯದೇ ಒಂದು ಸಲೂನಿನವರು. ಅವರಿಗೆ ಹೊಸ ಕುರ್ಚಿಗಳ ಶೋಕಿ ಹತ್ತಿದಾಗ ನಾನು ಟೆಂಪೋ ಏರಿ ಗದಗಿಗೆ ಬಂದೆ, ಫಕೀರಪ್ಪ ಹಡಪದರ ಅಂಗಡಿಗೆ.

ನನ್ನ ಹಿಂದೆ ನಿಂತು ಕೆಲಸ ಮಾಡುತ್ತಿದ್ದವನು ಅವರ ಕೆಲಸಗಾರ ಶಿವಪುತ್ರ. ಅವನ ಕೈ ಹಗುರ, ಬಾಯಿ ಕೈಗಿಂತ ಚುರುಕು. ಬೇರೆ ಕುರ್ಚಿ ಖಾಲಿಯಿದ್ದರೂ ಗಿರಾಕಿಗಳು ನನಗಾಗಿ ಕಾಯುತ್ತಿದ್ದರು. ಅದು ನನ್ನ ಹೆಚ್ಚುಗಾರಿಕೆಯೆಂದೇ ಬಹಳ ಕಾಲ ನಂಬಿದ್ದೆ.

ಆಮೇಲೆ ಶಿವಪುತ್ರನ ಮಾತು ಕಡಿಮೆಯಾಯಿತು. ಇಂಥದ್ದೇ ಕಾರಣವೆಂದು ಹೇಳುವಂಥದ್ದು ಏನೂ ನಡೆದಿರಲಿಲ್ಲ. ಬೆಳಿಗ್ಗೆ ತಡವಾಗಿ ಬರುವನು. ಕತ್ತರಿ ಹಿಡಿದು ಕನ್ನಡಿಯನ್ನೇ ನೋಡುತ್ತ ನಿಲ್ಲುವನು. ಅರ್ಧ ತಲೆ ಕತ್ತರಿಸಿ, ಮಿಕ್ಕರ್ಧ ಮರೆತು ಬಟ್ಟೆ ಕೊಡವಿದ್ದೂ ಉಂಟು. ಸೋಮಾರಿಯಾದ ಎಂದರು ಕೆಲವರು, ಕುಡಿತ ಕಲಿತ ಎಂದರು ಕೆಲವರು. ಅವನ ಉಸಿರು ಅಷ್ಟು ಹತ್ತಿರದಿಂದ ಬಲ್ಲ ನನ್ನನ್ನು ಯಾರೂ ಕೇಳಲಿಲ್ಲ.

ಫಕೀರಪ್ಪನವರೂ ಮೊದಲು ಬೈದರು. ಒಂದು ಮಧ್ಯಾಹ್ನ ಅವನು ನನ್ನ ಮೇಲೆ ಕೂತು ಸದ್ದಿಲ್ಲದೆ ಅಳುವುದನ್ನು ಕಂಡ ಮೇಲೆ ಬೈಗುಳ ನಿಂತಿತು. ಅವನ ಹೆಂಡತಿ ಲಲಿತವ್ವನನ್ನು ಕರೆಸಿ, ಇಬ್ಬರನ್ನೂ ಕರೆದುಕೊಂಡು ಮನೋವೈದ್ಯರ ಹತ್ತಿರ ಹೋದರು. ಇದು ಖಿನ್ನತೆಯೆಂಬ ಕಾಯಿಲೆ, ಗುಳಿಗೆ ಬಿಡದೆ ತೆಗೆದುಕೊಂಡರೆ ನಿಧಾನಕ್ಕೆ ಇಳಿಯುತ್ತದೆ ಎಂದರಂತೆ ಡಾಕ್ಟರು. ಗುಳಿಗೆಯಿಂದ ಬೆಳಗಿನ ಹೊತ್ತು ಮಂಪರು ಇರುತ್ತಿತ್ತು; ಅದಕ್ಕೆ ಫಕೀರಪ್ಪನವರು ಅವನಿಗೆ ಮಧ್ಯಾಹ್ನದ ಮೇಲಿನ ಕೆಲಸವನ್ನಷ್ಟೇ ಇಟ್ಟರು. ಮೊದಮೊದಲು ಬರೀ ಕಟಿಂಗು. ಮಂಪರು ಪೂರ್ತಿ ಹೋದ ಮೇಲೆ, ಡಾಕ್ಟರನ್ನು ಕೇಳಿಯೇ, ಗಡ್ಡದ ಕತ್ತಿ ಹಿಡಿದ.

ಸುದ್ದಿ ಮಾತ್ರ ಅಷ್ಟರಲ್ಲಿ ಊರು ಸುತ್ತಿ ಬಂದಿತ್ತು. ಒಂದು ಸಂಜೆ ನನ್ನ ಮೇಲೆ ಕೂತಿದ್ದ ಹತ್ತಿ ವ್ಯಾಪಾರಿ ಗುರುಶಾಂತಪ್ಪನವರು, ಶಿವಪುತ್ರ ಕತ್ತಿ ತೆಗೆದದ್ದೇ ಎದ್ದು ನಿಂತರು.

“ತಲಿ ಕೆಟ್ಟಾಂವನ ಕೈಯಾಗ ಕುತಿಗಿ ಕೊಡೂದು ನನ್ನಿಂದ ಆಗೂದಿಲ್ಲೋ ಫಕೀರಪ್ಪ.”

ಶಿವಪುತ್ರ ಕತ್ತಿ ಮಡಚಿಟ್ಟು ಬಾಗಿಲ ಕಡೆ ತಿರುಗಿದ. ಫಕೀರಪ್ಪನವರು ತಮ್ಮ ಗಿರಾಕಿಯನ್ನು ಬಿಟ್ಟು ಬಂದು ನನ್ನ ಮೇಲೆ ಕೂತರು. ತಲೆ ಹಿಂದಕ್ಕೆ ಚೆಲ್ಲಿ ಗಂಟಲು ಒಡ್ಡಿದರು.

“ಬಾರೋ ತಮ್ಮಾ, ನನ್ನ ಗಡ್ಡ ತಗಿ. ಸಾವಕಾರ್ರಿಗೆ ಸಕ್ಕರಿ ಜಡ್ಡು ಐತಿ, ಅವರೇನು ಹತ್ತಿ ಮಾರೂದ ಬಿಟ್ಟಾರೇನು? ನೀ ಯಾಕ ಕೆಲಸಾ ಬಿಡ್ತಿ?”

ಶಿವಪುತ್ರ ತಿರುಗಿ ಬಂದು ಕತ್ತಿ ಬಿಚ್ಚಿದ. ಫಕೀರಪ್ಪನವರ ಬೆರಳುಗಳು ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ಅವರಿಗೂ ಅಳುಕಿತ್ತೆಂಬುದು ನನಗೆ ಮಾತ್ರ ಗೊತ್ತು. ಒಂದು ಕೆನ್ನೆ ಆಗುವಷ್ಟರಲ್ಲಿ ಹಿಡಿತ ಸಡಿಲಿತು. ಇನ್ನೊಂದು ಮುಗಿಯುವಷ್ಟರಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು.

ಗುರುಶಾಂತಪ್ಪನವರು ಅಂದು ಹಾಗೇ ಹೋದರು. ಮುಂದಿನ ತಿಂಗಳು ಬಂದು, ನನ್ನ ಮೇಲೆ ಕೂತು, ಶಿವಪುತ್ರನಿಗೆ ಗಂಟಲು ಒಡ್ಡಿದರು.

ಈಗ ಫಕೀರಪ್ಪನವರಿಲ್ಲ. ಅಂಗಡಿ ಶಿವಪುತ್ರನದು. ರೆಕ್ಸಿನ್ ಹರಿದ ನನ್ನನ್ನು ಗುಜರಿಗೆ ಹಾಕದೆ ಮೂಲೆಯಲ್ಲಿಟ್ಟಿದ್ದಾನೆ. ಆ ಕಾಯಿಲೆ ಪೂರ್ತಿ ಬಿಟ್ಟುಹೋಗಿಲ್ಲ. ಆಗೊಮ್ಮೆ ಈಗೊಮ್ಮೆ ಬರುತ್ತದೆ. ಅಂಥ ದಿನ ಅವನು ಬಚ್ಚಿಡುವುದಿಲ್ಲ. “ಇವತ್ತ ಮನಸಿಗೆ ಆರಾಮಿಲ್ಲ, ನೀವ ನೋಡ್ಕೋರಿ” ಎಂದು ಕೆಲಸದವರಿಗೆ ಹೇಳಿ ನನ್ನ ಮೇಲೆ ಬಂದು ಕೂರುತ್ತಾನೆ. ಅವರು ಹೂಂ ಎಂದು, ಒಂದು ಲೋಟ ಚಹಾ ತಂದು ಕೈಗಿಡುತ್ತಾರೆ.

ಕುರ್ಚಿಯಾದ ನಾನು ಕೂತವರ ಭಾರ ಹೊರುವುದಷ್ಟೇ ಬಲ್ಲೆ. ಈ ಭಾರವನ್ನು ಮೊದಲು ನಾನೊಂದೇ ಹೊತ್ತಿದ್ದೆ; ಈಗ ಇಡೀ ಅಂಗಡಿ ಹೊರುತ್ತದೆ.